ಕೆಂಪು ಲಾರಿಯ ಬಣ್ಣ ತೆಗೆದದ್ದು

ಮನೆಯಲ್ಲಿ ನಮ್ಮದು ಕೊಂಕಣಿ. ಜಗಳಕ್ಕೆ ಮಾತ್ರ ನಾನೂ ನನ್ನ ಗಂಡನೂ ಕನ್ನಡ ಇಟ್ಟುಕೊಂಡಿದ್ದೇವೆ. ಕೊಂಕಣಿಯಲ್ಲಿ ಬೈದರೆ ಹೆಚ್ಚು ತಾಗುತ್ತದೆ.

ಇವರು ಗಲ್ಫಿನ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದವರು. ಅದರಲ್ಲೂ ಗೆರೆ ಎಳೆಯುವುದು ಇವರ ವಿಶೇಷ. ಕಾರಿನ ಬದಿಯುದ್ದಕ್ಕೆ, ಟೇಪು ಅಂಟಿಸದೆ, ಬರೀ ಕೈಯಲ್ಲಿ ಎಳೆಯುವ ತೆಳು ಗೆರೆ. ಊರಿಗೆ ವಾಪಸಾಗುವಾಗ ಬೇರೆಯವರು ಚಿನ್ನ, ಟಿ.ವಿ. ತಂದರೆ ಇವರು ಪೆಟ್ಟಿಗೆ ತುಂಬ ಪ್ಲಾಸ್ಟಿಕ್ ವಾಹನಗಳನ್ನು ತಂದರು. ಬಿಡಿ ಭಾಗಗಳನ್ನು ಅಂಟಿಸಿ ಜೋಡಿಸಿ, ನಿಜವಾದ ಗಾಡಿಯಂತೆಯೇ ಬಣ್ಣ ಬಳಿಯುವ ಸಣ್ಣ ಮಾದರಿಗಳು. ಲಗೇಜಿನ ತುಂಬ ಆಟಿಕೆ ಎಂದರೆ ಯಾವ ಹೆಂಡತಿಗೆ ಸಿಟ್ಟು ಬಾರದು? ಆದರೆ ಹಾಲಿನ ಶೋಕೇಸಿನಲ್ಲಿ, ಪ್ರಾರ್ಥನೆಯ ಆಲ್ತಾರಿನ ಪಕ್ಕ, ಇವರು ಮಾಡಿಟ್ಟ ಕೆಂಪು ಲಾರಿಯನ್ನು ನೋಡಿದ ಮೇಲೆ ನಾನು ಬಾಯಿ ಮುಚ್ಚಿದೆ. ಅದರ ಬದಿಯಲ್ಲಿ ಹಳದಿ ಗೆರೆಯೊಂದಿತ್ತು, ಕೂದಲಿನಷ್ಟು ಸಪೂರ. ಮನೆಗೆ ಬಂದವರೆಲ್ಲ ಅದನ್ನು ಸ್ಟಿಕ್ಕರ್ ಎಂದುಕೊಳ್ಳುತ್ತಿದ್ದರು.

ಕಳೆದ ವರ್ಷ ಇವರು ನಮ್ಮೂರು ಕಾಟಿಪಳ್ಳಕ್ಕೆ ಬರುವ ಬಸ್ಸಿನ ಮಾದರಿ ಮಾಡಲು ಹೊರಟರು. ಹಸಿರು ಮೈ, ಬದಿಯಲ್ಲಿ ಬಿಳಿ ಗೆರೆ. ಮೈ ಚೆನ್ನಾಗಿಯೇ ಬಂತು. ಗೆರೆ ಸೊಟ್ಟಗಾಯಿತು. ಬಣ್ಣ ಸರಿ ಇಲ್ಲ ಎಂದರು, ದಪ್ಪ ಆಗಿದೆ ಎಂದರು, ಬ್ರಶ್ಶಿನ ಕೂದಲಿಗೂ ಬೈದರು. ಆಮೇಲೆ ಗ್ಯಾರೇಜಿನ ಅಭ್ಯಾಸದಲ್ಲಿ ಹಳೆಯ ಬನಿಯನ್ ತುಂಡಿಗೆ ಥಿನ್ನರ್ ಸುರಿದು ಉಜ್ಜಿದರು. ಕಾರಿನ ತಗಡು ಥಿನ್ನರಿಗೆಲ್ಲ ಜಗ್ಗುವುದಿಲ್ಲ. ಇದು ಪ್ಲಾಸ್ಟಿಕ್. ಬಣ್ಣದ ಜೊತೆಗೆ ಬಂಪರೂ ಬೆಣ್ಣೆಯಂತೆ ಬೆರಳಿಗೆ ಬಂತು. ಜೀವಮಾನವಿಡೀ ಬಣ್ಣದಲ್ಲೇ ಕಳೆದ ಮನುಷ್ಯ ಬೆಪ್ಪಾಗಿ ಕೂತದ್ದು ನೋಡಿ ನನಗೆ ನಗು ಬಂತು. ಅಷ್ಟರಲ್ಲಿ ಇವರ ಬೆರಳುಗಳನ್ನು ನೋಡಿದೆ, ನಗು ನಿಂತಿತು.

ನಾನು ನರ್ಸ್ ಆಗಿದ್ದವಳು. ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈಯಲ್ಲಿ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಲೇ ಇತ್ತು, ಮಾತ್ರೆ ಉರುಟಿಸುವ ಹಾಗೆ. ವಾರ್ಡಿನಲ್ಲಿ ನಡುಕದ ಕಾಯಿಲೆಯವರ ಅಂಥ ಬೆರಳುಗಳನ್ನು ಬೇಕಾದಷ್ಟು ನೋಡಿದ್ದೇನೆ. ಡಾಕ್ಟರಿಗೆ ತೋರಿಸೋಣ ಎಂದೆ. ವಯಸ್ಸಾಯಿತು, ಚಾ ಜಾಸ್ತಿಯಾಯಿತು, ಇಷ್ಟು ವರ್ಷ ಎ.ಸಿ. ಗಾಳಿ ತಿಂದ ಮೈ ಎಂದು ಮಾತು ಹಾರಿಸಿದರು. ಮದ್ದು ಬೇಗ ಶುರುವಾದಷ್ಟೂ ಒಳ್ಳೆಯದೆಂದು ನಾನು ಹೇಳಿದ್ದು ಗೋಡೆಗೆ ಹೇಳಿದಂತಾಯಿತು.

ಬಸ್ಸಿನ ಬಣ್ಣ ತೆಗೆಯುವ ಕೆಲಸ ನನ್ನ ತಲೆಗೆ ಬಂತು. ಗಾಯ ತೊಳೆಯುವ ಕಂದು ಬಣ್ಣದ ಆಂಟಿಸೆಪ್ಟಿಕ್ ಪ್ಲಾಸ್ಟಿಕ್ಕನ್ನು ಮುಟ್ಟದೆ ಬಣ್ಣವನ್ನಷ್ಟೇ ಸಡಿಲಿಸುತ್ತದೆ ಎಂದು ಮೊಬೈಲಿನ ವೀಡಿಯೊದಲ್ಲಿ ಯಾರೋ ಹೇಳಿದರು. ಅದು ನನಗೆ ಗೊತ್ತಿಲ್ಲದ ಸಾಮಾನೇ? ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ನೀರು ತುಂಬಿ, ಅಳತೆಯಾಗಿ ಒಂದು ಮುಚ್ಚಳದಷ್ಟು ಔಷಧಿ ಹಾಕಿ ಬಸ್ಸನ್ನು ಮುಳುಗಿಸಿದೆ. ನೀರು ಹಾಲಿನಂತಾಯಿತು, ಬಸ್ಸಿಗೆ ಏನೂ ಆಗಲಿಲ್ಲ. ಅದಕ್ಕೆ ನೀರು ಬೆರೆಸದೆ ಬಳಸುವುದೆಂದರೆ ನರ್ಸಿನ ಕೈ ಒಪ್ಪುವುದಿಲ್ಲ. ಕೊನೆಗೆ ಮನಸ್ಸು ಗಟ್ಟಿಮಾಡಿ ಇಡೀ ಬಾಟಲಿ ಸುರಿದು ಮುಳುಗಿಸಿಟ್ಟೆ. ಮರುದಿನ ಬಣ್ಣ ಸುಕ್ಕುಗಟ್ಟಿ ಎದ್ದಿತ್ತು. ಖುಷಿಯಲ್ಲಿ ನಳ್ಳಿಯ ಕೆಳಗೆ ಹಿಡಿದೆ. ಅದೂ ತಪ್ಪು. ನೀರು ತಾಗಿದ್ದೇ ಬಣ್ಣವೆಲ್ಲ ಹಲಸಿನ ಮೇಣವಾಗಿ ಬಸ್ಸಿಗೂ ಬೆರಳಿಗೂ ಅಂಟಿಕೊಂಡಿತು. ಗ್ಲೌಸ್ ಹಾಕಿ, ಅದೇ ಔಷಧಿಯಲ್ಲಿ ಅದ್ದಿ ಅದ್ದಿ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಬೇಕು, ಬಣ್ಣ ಪೂರ್ತಿ ಹೋದ ಮೇಲೆಯೇ ಸಾಬೂನು, ನೀರು. ಇಷ್ಟು ಕಲಿಯುವಾಗ ನನ್ನ ಸಿಂಕಿನ ಗತಿ ಹೇಳುವುದೇ ಬೇಡ.

ಆಮೇಲೆ ಅದೇ ನಡೆಯಿತು. ಇವರು ಗೆರೆ ಎಳೆಯುವುದು, ಸೊಟ್ಟವಾಗುವುದು, ನಾನು ತೆಗೆಯುವುದು. ಪ್ರತಿ ಸಲ ನಾನು ಚೊಕ್ಕ ಮಾಡಿ ಕೊಟ್ಟ ಹಾಗೆಲ್ಲ ಬಣ್ಣದ ಮೇಲೆ ತಪ್ಪು ಹೊರಿಸಲು ಇವರಿಗೆ ಇನ್ನೊಂದು ಅವಕಾಶ ಸಿಗುತ್ತಿತ್ತು. ಗೊತ್ತಿದ್ದೂ ಕೊಡುತ್ತಿದ್ದೆ, ಇಲ್ಲ ಎನ್ನಲು ಮನಸ್ಸು ಬರುತ್ತಿರಲಿಲ್ಲ. ಮನೆಯಿಡೀ ವಾರ್ಡಿನ ವಾಸನೆ. ಸ್ಕೂಟರಿನಲ್ಲಿ ಮೀನು ತರುವವನು ಗೇಟಿನಲ್ಲೇ ಮೂಗು ಎಳೆದು, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದ. ಯಾರಿಗೂ ಏನೂ ಇಲ್ಲ, ಬಂಗುಡೆ ಕೊಡು ಎಂದೆ.

ಒಂದು ಬೆಳಗ್ಗೆ ಇವರು ಶೋಕೇಸಿನಿಂದ ಕೆಂಪು ಲಾರಿಯನ್ನು ತಂದು ಅಡಿಗೆಮನೆಯ ಮೇಜಿನ ಮೇಲಿಟ್ಟರು. ಇದರದ್ದೂ ತೆಗೆ ಎಂದರು. ಯಾಕೆಂದು ಕೇಳಿದೆ.

“ಹೋಗುವಾಗ ಬರುವಾಗ ಅದು ನನ್ನನ್ನೇ ನೋಡ್ತದೆ.”

ಬಣ್ಣಕ್ಕೆ, ಬ್ರಶ್ಶಿಗೆ ಬೈಯುತ್ತಿದ್ದ ಮನುಷ್ಯನಿಗೆ ತಪ್ಪು ಕೈಯದ್ದೆಂದು ಮೊದಲಿನಿಂದಲೂ ಗೊತ್ತಿತ್ತು. ದುಃಖವಾಗಬೇಕಿತ್ತು, ನನಗೆ ಬಂದದ್ದು ಸಿಟ್ಟು.

“ತೆಗೀತೇನೆ. ಮೊದಲು ನನ್ನ ಜೊತೆ ಡಾಕ್ಟರ ಹತ್ತಿರ ಬನ್ನಿ. ಬಂದ ಮೇಲೆ ತೆಗೆದುಕೊಡ್ತೇನೆ.”

ಆ ಲಾರಿಯನ್ನು ಇವರು ಹೇಗೂ ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯದಲ್ಲಿ ಹೇಳಿದ ಮಾತು ಅದು. ಇವರು ಎದ್ದು ಹೋಗಿ ಶರ್ಟು ಹಾಕಿಕೊಂಡು ಬಂದು, ಗುಂಡಿ ಹಾಕಿಸಿಕೊಳ್ಳಲು ನನ್ನ ಮುಂದೆ ನಿಂತರು.

ಆಸ್ಪತ್ರೆಗೆ ಹೋಗುವಾಗ ನಂತೂರಿನಲ್ಲಿ ಬಸ್ಸು ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಬಿತ್ತು. ಕಿಟಕಿಯ ಹೊರಗೆ ಲಾರಿಗಳ ಸಾಲು. ಈಗ ಎಲ್ಲದಕ್ಕೂ ಸ್ಟಿಕ್ಕರ್, ಕೈಕೆಲಸ ಎಲ್ಲಿಯೂ ಇಲ್ಲ ಎಂದು ಇವರು ಗೊಣಗುತ್ತಿದ್ದರು. ಡಾಕ್ಟರ್ ಚಿಕ್ಕ ಪ್ರಾಯದವಳು. ನಡೆಸಿ ನೋಡಿದಳು, ಬೆರಳು ತಟ್ಟಿಸಿದಳು. ಮತ್ತೆ ಒಂದು ಹಾಳೆ, ಪೆನ್ನು ಕೊಟ್ಟು ಅಡ್ಡಕ್ಕೆ ಒಂದು ಗೆರೆ ಎಳೆಯಲು ಹೇಳಿದಳು.

ಯಾರ ಹತ್ತಿರ ಏನು ಕೇಳುತ್ತಿದ್ದಾಳೆಂದು ಅವಳಿಗೆ ಹೇಗೆ ಗೊತ್ತಾಗಬೇಕು! ಇವರು ಪೆನ್ನು ಹಿಡಿದರು, ಉಸಿರು ಕಟ್ಟಿದರು, ಎಳೆದರು. ಗೆರೆ ನೀರಿನ ಅಲೆಯಂತೆ ಹೋಯಿತು. ಅದನ್ನು ನೋಡಿದರು. ಪೆನ್ನಿಗೆ ಬೈಯಲಿಲ್ಲ. ಮದ್ದು ಬರೆದುಕೊಡಿ ಎಂದರು.

ಮನೆಗೆ ಬಂದ ಮೇಲೆ ಕೊಟ್ಟ ಮಾತು ಇವರು ಮರೆಯಲಿ ಎಂದು ಆಸೆಪಟ್ಟೆ. ಮರೆಯಲಿಲ್ಲ. ಲಾರಿಯನ್ನು ಡಬ್ಬಿಗೆ ಇಳಿಸಿದೆ. ಹಳೆಯ ಬಣ್ಣ, ಇವರೇ ತಾಳ್ಮೆಯಿಂದ ಕೂತು ಹೊಡೆದದ್ದು, ಸುಲಭಕ್ಕೆ ಏಳಲಿಲ್ಲ. ದಿನಗಟ್ಟಲೆ ನೆನೆದ ಮೇಲೆ ಉಜ್ಜಲು ಕೂತೆ. ಕ್ಯಾಬಿನ್ನಿನ ಕೆಂಪು ಹೋಯಿತು, ಬಾಗಿಲಿನದ್ದೂ ಹೋಯಿತು. ಹಳದಿ ಗೆರೆಯ ಹತ್ತಿರ ಬಂದಾಗ ನನ್ನ ಕೈ ಮುಂದೆ ಹೋಗಲಿಲ್ಲ. ಕಣ್ಣು ತುಂಬಿ ಏನೂ ಕಾಣಲಿಲ್ಲ.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಇವರು ಕೈ ಚಾಚಿದರು.

“ಇಲ್ಲಿ ಕೊಡು ಮಾರಾಯ್ತಿ. ಉಜ್ಜುವುದಕ್ಕೆ ನನ್ನ ಕೈ ನಡುಗಿದರೆ ಎಂತ ಆಗ್ತದೆ?”

ಗ್ಲೌಸ್ ಹಾಕಿಸಿ ಬ್ರಶ್ಶು ಕೊಟ್ಟೆ. ಆ ಗೆರೆಯನ್ನು ಇವರೇ ಉಜ್ಜಿದರು, ಅವಸರ ಇಲ್ಲದೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಸಂದಿಗಳಲ್ಲಿ ನಾನು ಬಿಟ್ಟದ್ದನ್ನೂ ತೆಗೆದರು. ಬೂದು ಪ್ಲಾಸ್ಟಿಕ್ಕಿನ ಬೋಳು ಲಾರಿಯನ್ನು ತೊಳೆದು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ ನನ್ನ ಮುಂದಿಟ್ಟರು.

“ಇನ್ನು ಗೆರೆ ನೀನು ಎಳೆ. ನಾನು ಹೇಳಿಕೊಡ್ತೇನೆ.”

ಮೈಗೆ ಬಣ್ಣ ಹಾಕಿ, ಅದು ಒಣಗಿದ ಮೇಲೆ ಎಳೆದೆ. ಜೀವಮಾನದಲ್ಲಿ ಎಷ್ಟೋ ಸೂಜಿ ಚುಚ್ಚಿದ ನನ್ನ ಕೈ ನಡುಗಲಿಲ್ಲ, ಆದರೂ ಗೆರೆ ಸೊಟ್ಟವೇ ಆಯಿತು. ಇವರು ನನ್ನನ್ನು ಬೈದರು; ಬೈಯುತ್ತಲೇ ಗ್ಲೌಸಿಗೆ ಕೈ ಚಾಚಿದರು.