ನನ್ನ ಕೈಯಿಂದಾದ ಬುಕಿಂಗ್

ಲಾಲಸಾಬ, ಆ ಸಣ್ಣ ಕಾರು ಇಳಕಲ್‌ನಿಂದ ಬಾಗಲಕೋಟೆಗೆ ಹೋಗಿ, ನಡುವೆ ಚಾರ್ಜು ಮಾಡದೆ ತಿರುಗಿ ಬರಲಾರದು ಎಂಬುದು ನನಗೆ ಗೊತ್ತಿತ್ತು. ನೀನು ಅದನ್ನು ಬುಕ್ ಮಾಡುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ತೆಗೆದುಕೋ ಎಂದು ಹೇಳಿದವನು ನಾನು. ನಾಲ್ಕು ವರ್ಷಗಳಿಂದ ಈ ಮಾತಿಗಾಗಿ ನಿನ್ನೆದುರು ಎಷ್ಟು ಸಲ ಬಾಯಿ ತೆರೆದೆನೋ — ನೀನು ಕೊಟ್ಟ ಚಹಾ ಕುಡಿದು ಮುಚ್ಚಿದೆ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಬಿಟ್ಟರೆ ನನಗೆ ಬೇಕಾದದ್ದನ್ನಷ್ಟೇ ಆರಿಸಿ ಹೇಳಿದಂತಾಗುತ್ತದೆ. ಆವತ್ತು ಮಾಡಿದ್ದೂ ಅದನ್ನೇ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಾನು ನಿವೃತ್ತನಾದ ವರ್ಷ ಅದು. ನೀನು ನಮ್ಮ ಓಣಿಯ ಕೊನೆಯ ಮನೆಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದೆ, ಈಗಲೂ ಹಾಕುತ್ತೀಯ. ನಿನ್ನ ಹೆಂಡತಿ ಹುಸೇನಬಿಯ ಎರಡೂ ಕಿಡ್ನಿ ಸೋತಿದ್ದವು. ವಾರಕ್ಕೆ ಮೂರು ಸಲ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಒಯ್ಯಬೇಕೆಂದು ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಹೋಗುವಾಗ ಹೇಗೋ ಹೋಗುತ್ತಿದ್ದಳು. ಬರುವಾಗ ಕೂಡಲಿಕ್ಕೂ ಆಗುತ್ತಿರಲಿಲ್ಲ. ಬಾಡಿಗೆ ಗಾಡಿ ಮಾಡಿದರೆ ಡೀಸೆಲ್ ವಾಸನೆಗೆ ಹುನಗುಂದ ಮುಟ್ಟುವುದರೊಳಗೆ ವಾಂತಿ. ಕರೆಂಟ್ ಕಾರಿನಲ್ಲಿ ವಾಸನೆ ಇರುವುದಿಲ್ಲ ತಂಗಿ ಎಂದು ಅವಳಿಗೆ ಹೇಳಿದವನೂ ನಾನೇ. ಅದು ನಿಜವಿತ್ತು. ಆ ಕಾರಿನ ಬಗ್ಗೆ ನಾನು ಹೇಳಿದ್ದರಲ್ಲಿ ಅದೊಂದೇ ನಿಜ.

ಆಗ ನಮ್ಮ ಕಡೆ ಯಾರ ಮನೆಯ ಮುಂದೆಯೂ ಅಂಥ ಕಾರು ನಿಂತಿರಲಿಲ್ಲ. ಮೊದಲನೆಯವನು ನಾನಾಗಬೇಕೆಂಬ ಹಂಬಲ ನನಗೆ. ಸಣ್ಣದೊಂದನ್ನು ಬುಕ್ ಮಾಡಿ, ಬರುವ ಮೊದಲೇ ಊರಿಗೆಲ್ಲ ಹೇಳಿ ಕೂತಿದ್ದೆ. ಚಹಾದಂಗಡಿಯವರಿಗೆ ನನ್ನನ್ನು ಕಂಡರೆ ಸಾಕು —

“ಮಾಸ್ತರ, ಅದಕ್ಕ ಸೆಲ್ ಎಷ್ಟ ಹಾಕಬೇಕ್ರಿ? ಎರಡೋ, ನಾಕೋ?”

“ನಡು ದಾರ್ಯಾಗ ನಿಂತ್ರ ಏನ್ ಮಾಡ್ತೀರಿ? ವೈರ್ ಹಿಡಕೊಂಡು ಮಂದಿ ಮನಿ ಬಾಗಲಾ ಬಡೀತೀರೇನು?”

ಅವರ ಜೊತೆ ನಾನೂ ನಗುತ್ತಿದ್ದೆ. ಮನೆಗೆ ಬಂದ ಮೇಲೆ ನಗು ಬರುತ್ತಿರಲಿಲ್ಲ.

ತಿಂಗಳ ನಂತರ ಬಾಗಲಕೋಟೆಯ ಶೋರೂಮಿಗೆ, ಗಿರಾಕಿಗಳು ಓಡಿಸಿ ನೋಡಲೆಂದು ಅಂಥದೇ ಒಂದು ಕಾರು ಬಂತು. ಕರೆದರು, ಹೋದೆ. ಕಡು ಬೇಸಿಗೆ. ಎಸಿ ಹಾಕಿಕೊಂಡು, ಶೋರೂಮಿನವನೊಬ್ಬನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಾದಾಮಿಯವರೆಗೆ ಹೋಗಿ ಬಂದೆ. ಹೊರಡುವಾಗ ಪೂರ್ತಿ ಚಾರ್ಜಿನಲ್ಲಿ, ಇನ್ನು ನೂರಾ ತೊಂಬತ್ತು ಕಿಲೋಮೀಟರು ಓಡುತ್ತೇನೆಂದು ಕಾರು ತೋರಿಸುತ್ತಿತ್ತು. ಹೋಗಿ ಬಂದದ್ದು ಎಪ್ಪತ್ತೆಂಟು. ತಿರುಗಿ ಬಂದು ನಿಲ್ಲಿಸಿದಾಗ ಉಳಿದದ್ದು ಅರವತ್ತೊಂದು. ಎಪ್ಪತ್ತೆಂಟು ಓಡುವುದರೊಳಗೆ ನೂರಾ ಇಪ್ಪತ್ತೊಂಬತ್ತು ಕರಗಿತ್ತು. ಇಳಕಲ್‌ಗೆ ವಾಪಸು ಬರುವ ಬಸ್ಸಿನಲ್ಲಿ ಭಾಗಿಸಿ ನೋಡಿದೆ. ಪೂರ್ತಿ ಚಾರ್ಜು ಮಾಡಿದರೂ ಬೇಸಿಗೆಯಲ್ಲಿ ನೂರಾ ಹದಿನೈದರ ಆಚೆ ಹೋಗದು. ನಮ್ಮ ಊರಿನಿಂದ ಬಾಗಲಕೋಟೆಗೆ ಹೋಗಿ ಬರಲು ನೂರಾ ಇಪ್ಪತ್ತರ ಮೇಲೆ ಬೇಕು. ಎರಡು ಸಲ ಲೆಕ್ಕ ಮಾಡಿದೆ. ಉತ್ತರ ಎರಡು ಸಲವೂ ಅದೇ ಬಂತು. ಯಾರಿಗೂ ಹೇಳಲಿಲ್ಲ.

ಹತ್ತು ದಿನಕ್ಕೆ ನೀನು ನನ್ನನ್ನು ಕರೆಸಿದೆ. ಕಾಲೇಜಿಗೆ ಹೋಗುತ್ತಿದ್ದ ನಿನ್ನ ಮಗಳು ಶಬಾನಾ ಮೊಬೈಲು ಹಿಡಿದು ನಿಂತಿದ್ದಳು. ಅದರಲ್ಲಿ ಎರಡು ಕಾರು — ನಾನು ಬುಕ್ ಮಾಡಿದ್ದ ಸಣ್ಣದು, ಇನ್ನೊಂದು ಕಂಪನಿಯ ದೊಡ್ಡ ಬ್ಯಾಟರಿಯದು. ಹೊರಗೆ ಯಾರೋ ಕೆಂಪು ನೂಲು ಕೇಳಲು ಬಂದಿದ್ದರು. “ಇದು ಬಣ್ಣಾ ಬಿಡತೈತ್ರಿ, ಒಯ್ಯಬ್ಯಾಡ್ರಿ, ಎರಡ ದಿನಾ ಬಿಟ್ಟ ಬರ್ರಿ” ಎಂದು ನೀನು ಅವರನ್ನು ಬರಿಗೈಯಲ್ಲಿ ಕಳಿಸಿ ನನ್ನ ಕಡೆ ತಿರುಗಿದೆ.

“ದೊಡ್ಡದಕ್ಕ ಆರ ತಿಂಗಳಾ ಕಾಯಬೇಕಂತ್ರಿ ಮಾಸ್ತರ. ಬೇಕಂದ್ರ ಕಾಯ್ತೇನಿ. ನೀವು ಸಣ್ಣದು ಓಡಿಸಿ ನೋಡೀರಿ. ಬಾಗಲಕೋಟಿಗಿ ಹೋಗಿ ಬರತೈತೇನ್ರಿ?”

ಇಷ್ಟು ನೇರವಾಗಿ ಕೇಳಿದೆ ನೀನು. ನಾನು ತಪ್ಪಾಗಿ ಕೇಳಿಸಿಕೊಂಡೆ ಎನ್ನಲು ದಾರಿಯಿಲ್ಲ.

“ಸಣ್ಣದ ಸಾಕು, ಲಾಲಸಾಬ. ಹೋಗಿ ಬಂದ್ರೂ ಇನ್ನಷ್ಟು ಉಳೀತದ” ಎಂದೆ.

ಯಾಕೆ ಹಾಗೆ ಹೇಳಿದೆ? ನಿನ್ನದು ಊರಿನಲ್ಲಿ ಹತ್ತು ಸಲ ನೋಡಿ ಕೊಳ್ಳುವವನೆಂಬ ಹೆಸರು. ನೀನು ದೊಡ್ಡದನ್ನು ಕೊಂಡರೆ ನಾನು ಮೋಸಹೋದೆ ಎಂಬುದು ಖಾತ್ರಿಯಾಗುತ್ತಿತ್ತು. ನನ್ನದನ್ನೇ ಕೊಂಡರೆ ಚಹಾದಂಗಡಿಯ ಬಾಯಿ ಮುಚ್ಚುತ್ತಿತ್ತು. ಆ ಕ್ಷಣದಲ್ಲಿ ಇಷ್ಟನ್ನೂ ಯೋಚಿಸಿದ್ದೆನೇ — ನಾಲಿಗೆ ಮೊದಲು ಹೊರಳಿತು. ಯೋಚನೆ ಆಮೇಲೆ ಬಂತು. ಆದರೆ ಬಂದ ಮೇಲೂ ನಾನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಒಳಗೆ ಮಲಗಿದ್ದ ಹುಸೇನಬಿ ಕೂಗಿದಳು, “ಅಣ್ಣಾರು ಹೇಳಿದ ಮ್ಯಾಲ ಆತಲ್ಲ. ಇನ್ನೇನ ನಿಮ್ಮದು ಪಂಚಾಯ್ತಿ?”

ನೀನು ಮೊಬೈಲನ್ನು ನನ್ನ ಮುಂದೆ ಹಿಡಿದೆ. ನಮ್ಮ ಓಣಿಯ ರೂಢಿ — ದೊಡ್ಡ ವಸ್ತು ಕೊಳ್ಳುವಾಗ ಕೈಗುಣ ಒಳ್ಳೆಯದಿರುವವರ ಕೈಯಿಂದಲೇ ಮುಂಗಡ ಕೊಡಿಸಬೇಕು. ಅದು ನನ್ನ ಕೈ ಎಂದು ಹೇಗೋ ಆಗಿಹೋಗಿತ್ತು. ಕೊಳವೆ ಬಾವಿಯ ಮೋಟಾರು, ಹೊಲಿಗೆ ಯಂತ್ರ, ಫ್ರಿಜ್ಜು — ಎಲ್ಲದಕ್ಕೂ ಮಾಸ್ತರ ಕೈ. “ನಿಮ್ಮ ಕೈಲೆನ ಒತ್ರಿ” ಎಂದೆ ನೀನು. ನಾನು ಒತ್ತಿದೆ.

ಒಂದು ವಾರದ ಮೇಲೆ ಶಬಾನಾ ಎಲ್ಲಿಯೋ ಓದಿಕೊಂಡು ಬಂದಳು. “ಕಂಪನಿಯವ್ರು ಹೇಳೋ ಅಷ್ಟು ಓಡಂಗಿಲ್ಲಂತ ಅಪ್ಪಾ. ಬುಕಿಂಗ್ ಬದಲ ಮಾಡಾಕ ಇನ್ನೂ ಎಂಟ ದಿನಾ ಐತಿ.” ನಾನೂ ಅಲ್ಲೇ ಕೂತಿದ್ದೆ. ನೀನು ಆಕೆಯನ್ನು ಗದರಿದೆ: “ಮಾಸ್ತರ ಕೈಲೆ ಒತ್ತಿಸಿದ್ದನ್ನ ತಿರಿವಿ ಹಾಕಬಾರದವ್ವಾ. ಅವರ ಕೈಗುಣಕ್ಕ ಅಪಮಾನ.” ಹುಡುಗಿ ನನ್ನ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಹೌದು ಮಗಳೇ, ನಿನ್ನದೇ ಖರೆ, ಬದಲಿಸಿರಿ — ಇಷ್ಟೇ. ನಾನು ಒಣಹಾಕಿದ ನೂಲನ್ನು ನೋಡುತ್ತ ಕೂತೆ.

ಇನ್ನೊಂದಿದೆ. ಅದು ನಿನಗೆ ಗೊತ್ತೇ ಇಲ್ಲ. ನಿನ್ನ ಎಂಟು ದಿನ ಮುಗಿದ ಮೇಲೆ ನಾನು ನನ್ನ ಬುಕಿಂಗ್ ರದ್ದು ಮಾಡಿದೆ. ಕಣ್ಣಿಗೆ ಪೊರೆ ಬಂದಿದೆ, ಗಾಡಿ ಓಡಿಸಬೇಡ ಎಂದಿದ್ದಾರೆ ಎಂದು ಎಲ್ಲರಿಗೂ ಹೇಳಿದೆ. ಆಗ ನನ್ನ ಕಣ್ಣಿನಲ್ಲಿ ಪೊರೆ ಇರಲಿಲ್ಲ, ಲಾಲಸಾಬ. ಆ ಕಾರು ನನ್ನ ಅಂಗಳದಲ್ಲಿ ನಿಲ್ಲುವುದು ನನಗೇ ಬೇಡವಾಗಿತ್ತು. ನೀನು ನನಗೇ ಸಮಾಧಾನ ಹೇಳಿದೆ: “ಚಿಂತಿ ಮಾಡಬ್ಯಾಡ್ರಿ ಮಾಸ್ತರ, ನನ್ನ ಗಾಡಿ ಐತಲ್ಲ, ಎಲ್ಲಿಗಿ ಅಂದ್ರೂ ಒಯ್ತೇನಿ.”

ಕಾರು ಬಂತು. ಮೊದಲ ತಿಂಗಳಲ್ಲಿಯೇ ನೀನು ತಿಳಿದುಕೊಂಡೆ — ಬಾಗಲಕೋಟೆಯಿಂದ ತಿರುಗಿ ಬರುವಾಗ ಕಮತಗಿ ಹತ್ತಿರವಾಗುತ್ತಲೇ ಕಾರು ಎಚ್ಚರಿಕೆ ಕೊಡಲು ಸುರುಮಾಡುತ್ತದೆ. ದವಾಖಾನೆಯಲ್ಲಿ ಪ್ಲಗ್ಗು ಸಿಗಲಿಲ್ಲ. ಬಾಗಲಕೋಟೆಯಲ್ಲಿ ಬೇರೆ ಕಡೆ ಎಲ್ಲಿಯಾದರೂ ಇತ್ತೋ ಏನೋ, ನಾವು ಕೇಳಿದ ಕಡೆ ಇರಲಿಲ್ಲ. ನೀನು ಕಮತಗಿಯ ಹಿಟ್ಟಿನ ಗಿರಣಿಯವನನ್ನು ಬೇಡಿಕೊಂಡು ಅವನ ಗೋಡೆಯ ಪ್ಲಗ್ಗಿಗೆ ಎರಡು ತಾಸು ಹಚ್ಚುತ್ತಿದ್ದೆ. ಎಸಿ ಹಾಕುತ್ತಿರಲಿಲ್ಲ. ಒಂದು ಸಲ ನಾನೂ ಜೊತೆಗೆ ಬಂದೆ. ನೋಡಬೇಕೆಂದೇ ಬಂದೆ. ಮಧ್ಯಾಹ್ನದ ಬಿಸಿಲು. ಗಿರಣಿಯ ಕಟ್ಟೆಯ ಮೇಲೆ ಚಾಪೆ ಹಾಸಿ ನೀನು ಹುಸೇನಬಿಯನ್ನು ಮಲಗಿಸಿದ್ದೆ. ಯಂತ್ರದ ಸದ್ದಿಗೆ ಕಟ್ಟೆ ಅದುರುತ್ತಿತ್ತು. ಸೂಜಿ ಚುಚ್ಚಿದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದಳು. ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು. ನನ್ನನ್ನು ನೋಡಿ ನಕ್ಕಳು.

“ನೋಡ್ರಿ ಅಣ್ಣಾರ, ಮದ್ಲ ನಾ ಜ್ವಾಳಾ ಬೀಸಸಾಕ ಬರ್ತಿದ್ದೆ. ಈಗ ನನ್ನನ್ನ ಬೀಸಾಕತ್ತಾರ.”

ಆ ಎರಡು ತಾಸು ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಹೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವಳು ವಾರದ ಮೂರು ಡಯಾಲಿಸಿಸ್‌ನಲ್ಲಿ ಒಂದನ್ನು ಬಿಡತೊಡಗಿದಳು. “ಆ ಗಿರಣಿ ಕಟ್ಟಿ ಮ್ಯಾಲ ಬೀಳೂದ ಆಗಂಗಿಲ್ಲ, ಒಂದ ಬಿಟ್ರ ಏನಾಗತೈತಿ” ಎಂದು ಅಂದದ್ದನ್ನು ನಾನು ನಿಮ್ಮ ಬಾಗಿಲಲ್ಲಿ ನಿಂತು ಕೇಳಿದೆ. ಆಗಲಾದರೂ, ಇದನ್ನು ಮಾರಿಬಿಡು, ದೊಡ್ಡದನ್ನು ತಾ ಎನ್ನಬಹುದಿತ್ತು. ಯಾಕೆ ಎಂದು ನೀನು ಕೇಳುತ್ತಿದ್ದೆ. ಆ ‘ಯಾಕೆ’ಗೆ ಹೆದರಿದೆ.

ಹೀಗೆ ಒಂದು ಸಲ ಬಿಟ್ಟ ವಾರವೇ ಅವಳು ಹೋದಳು. ಹೃದಯ ನಿಂತಿತು ಎಂದರು ಡಾಕ್ಟರು. ಕಾರಿನಿಂದ ಸತ್ತಳು ಎಂದು ನಾನು ಬರೆಯಲಾರೆ — ಅದು ನನಗೆ ಗೊತ್ತಿಲ್ಲ. ಅಲ್ಲ ಎಂದೂ ಬರೆಯಲಾರೆ. ದೊಡ್ಡ ಕಾರು ಇದ್ದಿದ್ದರೆ ಅವಳು ಆ ಕಟ್ಟೆಯ ಮೇಲೆ ಮಲಗಬೇಕಾಗಿರಲಿಲ್ಲ, ಅದಕ್ಕೆ ಬೇಸತ್ತು ಒಂದು ಸಲ ಬಿಡಬೇಕಾಗಿರಲಿಲ್ಲ. ನಾನು ಆಣೆ ಮಾಡಿ ಹೇಳಬಹುದಾದದ್ದು ಇಷ್ಟು.

ಇದನ್ನೂ ನುಂಗಿಕೊಂಡೇ ಸಾಯುತ್ತಿದ್ದೆನೋ ಏನೋ. ಆದರೆ ಹೋದ ಶುಕ್ರವಾರ ನೀನು ನಮಾಜು ಮುಗಿಸಿ ಚಹಾದಂಗಡಿಗೆ ಬಂದೆ. ಯಾರೋ ಚೇಷ್ಟೆಗೆ, “ಆ ಮಾಸ್ತರ ಡಬ್ಬಾ ಇನ್ನೂ ಐತೇನೋ ಲಾಲಸಾಬ?” ಎಂದರು. ನಾನು ಹಿಂದಿನ ಬಾಕಿನ ಮೇಲೆ ಕೂತಿದ್ದೆ. ನೀನು ಕೂಡಲೇ ಉತ್ತರ ಕೊಟ್ಟೆ.

“ಗಾಡೀದೇನ ತಪ್ಪಿಲ್ಲೋ. ಮಾಸ್ತರು ನೋಡಿ ಹೇಳಿದ್ದ ಗಾಡಿ ಅದು. ನನಗ ಓಡಸಾಕ ಬರಲಿಲ್ಲ. ನಾ ಕಾಲ ಭಾಳ ಒತ್ತತಿದ್ದೆ, ಚಾರ್ಜ್ ಹಾಳ ಮಾಡಿದೆ. ಸಾವಕಾಶ ಹೊಡದಿದ್ರ ಆಕಿಗಿ ಆ ಗಿರಣಿ ಕಟ್ಟಿ ತಪ್ಪತಿತ್ತು.”

ನೀನು ಚಹಾ ಕುಡಿದು ಎದ್ದು ಹೋದೆ. ಇಷ್ಟು ದಿನ ನಾನು ಸುಮ್ಮನಿದ್ದದ್ದು ನನ್ನ ತಪ್ಪನ್ನು ಮುಚ್ಚಿಡುತ್ತಿದೆ ಎಂದುಕೊಂಡಿದ್ದೆ. ಆ ತಪ್ಪು ನಿನ್ನ ಮನೆಗೆ ಹೋಗಿ ಕೂತಿರುವುದು, ನೀನು ಅದನ್ನು ನಿನ್ನದೆಂದು ಸಾಕುತ್ತಿರುವುದು ನನಗೆ ತಿಳಿದಿರಲಿಲ್ಲ. ಎಷ್ಟು ದಿನದಿಂದ, ಲಾಲಸಾಬ? ಪ್ರತಿ ದಿನ ಎದ್ದು ಅದನ್ನೇ —

ನಿನಗೆ ಓದಲು ಬರದು, ಆದರೂ ಈ ಕಾಗದವನ್ನು ಶಬಾನಾಳ ಕೈಗೆ ಕೊಡುವುದಿಲ್ಲ. ತಾಯಿಯ ಬಗ್ಗೆ ಬರೆದ ಇದನ್ನು ಅಪ್ಪನಿಗೆ ಓದಿ ಹೇಳುವ ಕೆಲಸ ಆ ಹುಡುಗಿಯದಲ್ಲ. ಬರುವ ಶುಕ್ರವಾರ ಅದೇ ಅಂಗಡಿಗೆ ಬರುತ್ತೇನೆ. ನೀನು ಹತ್ತು ಜನರ ಮುಂದೆ ನಿನ್ನ ಮೇಲೆ ತಪ್ಪು ಹೊತ್ತುಕೊಂಡೆ. ಅದನ್ನು ಇಳಿಸುವುದೂ ಹತ್ತು ಜನರ ಮುಂದೆಯೇ ಆಗಬೇಕು. ನಿಂತುಕೊಂಡು ಓದುತ್ತೇನೆ. ನೀನು ನಡುವೆ ಎದ್ದು ಹೋದರೂ, ಅವರು ನಕ್ಕರೂ ಕೊನೆಯವರೆಗೆ ಓದುತ್ತೇನೆ. ಕ್ಷಮಿಸು ಎಂಬ ಮಾತು ಇದರಲ್ಲಿ ಎಲ್ಲಿಯೂ ಇಲ್ಲ. ಅದನ್ನು ಕೇಳುವ ಅಧಿಕಾರ ನನಗಿಲ್ಲ.

ನೀನು ಸರಿಯಾಗಿಯೇ ಓಡಿಸಿದ್ದೆ, ಲಾಲಸಾಬ.