ಚಿಕ್ಕತಾಯಮ್ಮನ ಪದಕ್ಕೆ ಬಿದ್ದ ಸಿಳ್ಳೆ

ಮೊನ್ನೆ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಆ ಹಾಡು ಬಂತು. ಡ್ರೈವರನ ತಲೆಯ ಮೇಲಿದ್ದ ಸ್ಪೀಕರಿನಿಂದ ಮೊದಲು ಡೋಲು, ಆಮೇಲೆ ಒಬ್ಬ ಮುದುಕಿಯ ದನಿ. ನೀವೂ ಕೇಳಿರುತ್ತೀರಿ, ಮದುವೆ ಮೆರವಣಿಗೆಯಲ್ಲೋ, ಯಾರದೋ ಮೊಬೈಲಿನಲ್ಲೋ. ಕುಣಿದೂ ಇರಬಹುದು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಆ ದನಿ ಚಿಕ್ಕತಾಯಮ್ಮನದು. ಹನೂರು ರಸ್ತೆಯಲ್ಲಿ ನಮಗೊಂದು ಅರಿಸಿನದ ಹೊಲವಿತ್ತು. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಆಕೆ ಹೆಂಗಸರ ಗುಂಪು ಕಟ್ಟಿಕೊಂಡು ಅಲ್ಲಿಗೆ ಕಳೆ ಕೀಳಲು ಬರುತ್ತಿದ್ದಳು. ಅವ್ವ ಕೊಟ್ಟ ಮಜ್ಜಿಗೆ ಹೊತ್ತುಕೊಂಡು ಹೋಗಿ ನಾನು ಬದುವಿನ ಮೇಲೆ ಕೂರುತ್ತಿದ್ದೆ. ಕೆಲಸಕ್ಕೂ ಇಲ್ಲ, ಹಾಡಿಗೂ ಇಲ್ಲ. ನನ್ನ ದನಿ ಕೇಳಿದರೆ ನಮ್ಮ ಮನೆಯ ಹಸು ಹಾಲು ಏರಿಸಿಕೊಳ್ಳುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಹಸುವನ್ನು ನಾನು ದೂರುವುದಿಲ್ಲ.

ಚಿಕ್ಕತಾಯಮ್ಮನ ಗಂಡ ಮೀನು ಹಿಡಿಯುವ ಕೆಲಸವೆಂದು ಹೊಳೆ ದಡದ ಗೋಪಿನಾಥಂ ಕಡೆಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅದಕ್ಕೆ ಊರ ಕಟ್ಟೆಯಲ್ಲಿ ನ್ಯಾಯ ಸೇರಲಿಲ್ಲ, ಯಾರೂ ಹೋಗಿ ಅವನನ್ನು ಕೇಳಲಿಲ್ಲ. ‘ಇವಳಲ್ಲೇ ಏನೋ ಐಬಿರಬೇಕು’ ಎಂದು ಊರು ಮಾತು ಮುಗಿಸಿತು. ಆಮೇಲೆ ಆಕೆ ಪದ ಕಟ್ಟಿದಳು.

ಒಲದ ತುಂಬ ಅರಿಸಿನ, ಕೆನ್ನೆಗೆ ಅಚ್ಚೋಕಿಲ್ಲ
ಬತ್ತೀನಿ ಅಂದೋನು ಬರನಿಲ್ಲ

ಅವಳೊಂದು ಸೊಲ್ಲು ಹೇಳಿದರೆ ಉಳಿದವರು ಬಗ್ಗಿದಲ್ಲಿಂದಲೇ ಅದನ್ನು ಎತ್ತಿಕೊಳ್ಳುತ್ತಿದ್ದರು. ಕೊನೆಯ ನುಡಿ ಮಾತ್ರ ಬೇರೆ.

ಆಚೆ ದಡದಾಗೆ ಒಲೆ ಅಚ್ಚಿ ಕುಂತೋನೆ
ನಿನ್ನ ಏನಂತ ಕರೆಯಾಲಿ

ಎಂದು ನಿಲ್ಲಿಸಿಬಿಡುತ್ತಿದ್ದಳು. ಬಿಟ್ಟುಹೋದವನಾದರೂ ಗಂಡ. ಹೆಂಡತಿಯಾದವಳು ಅವನ ಹೆಸರು ಹಿಡಿದು ಕರೆಯುವಂತಿಲ್ಲ. ಆಗ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ, ಹೊಲದಾಚೆಗೆ ಕೇಳುವಂತೆ ಕೂಗುತ್ತಿದ್ದರು: “ಪುಟ್ಮಾದಾ!”

ಒಮ್ಮೆ ಗುಂಪಿನಲ್ಲಿದ್ದ ಚಿಕ್ಕ ವಯಸ್ಸಿನವಳೊಬ್ಬಳು ರೇಗಿಸಿದಳು: “ಅಕ್ಕೋ, ಒಂದ್ಸಲ ನೀನೇ ಅನ್ನು. ನಾಲ್ಗೆ ಬಿದ್ದೋದದಾ?”

“ನಾನ್ಯಾಕಮ್ಮಿ ಅನ್ಲಿ?” ಎಂದಳು ಚಿಕ್ಕತಾಯಮ್ಮ. “ನಾನಂದ್ರೆ ಗಂಡನ್ನ ಕರ್ದಂಗೆ. ನೀವಂದ್ರೆ ಕಳ್ಳನ್ನ ಕೂಗ್ದಂಗೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಊರು ಸೇರಿಸದೆ ಹೋದ ನ್ಯಾಯ ಆ ಹೊಲದಲ್ಲಿ ಕಳೆ ಕೀಳುವ ದಿನವೆಲ್ಲ ಸೇರುತ್ತಿತ್ತು.

ಈಚೆಗೆ ಕೊಳ್ಳೇಗಾಲದ ಸ್ಟುಡಿಯೋದವನೊಬ್ಬ ಆಕೆಯನ್ನು ಕರೆಸಿಕೊಂಡ. ಜೊತೆಗೆ ಹೋದ ಹೆಂಗಸರ ದನಿ ಗಲಾಟೆಯಾಗುತ್ತದೆಂದು ಅವರನ್ನು ಬಾಗಿಲಾಚೆ ಕೂರಿಸಿದ. ಒಳಗೆ ಒಬ್ಬಳೇ ಹಾಡಿದಳು, ನಿಲ್ಲಿಸುವ ಕಡೆ ನಿಲ್ಲಿಸಿದಳು. “ಅಲ್ಲೇನಮ್ಮ ಬಿಟ್ಬುಟ್ರಿ?” ಎಂದು ಅವನು ಕೇಳಿದನಂತೆ. “ಅದು ನಾನನ್ನೋದಲ್ಲ ಸಾ, ಆಚೆ ಕುಂತವ್ರಲ್ಲ, ಅವ್ರನ್ನೋದು” ಎಂದಳಂತೆ. ಅವನು ಅಲ್ಲೊಂದು ಸಿಳ್ಳೆ ಸೇರಿಸಿದ, ಕೆಳಗೆ ಡೋಲು ಕೊಟ್ಟ. ಹಾಡು ಊರೂರು ತಿರುಗಿತು. ಮೊಬೈಲಿನಲ್ಲಿ ಹುಡುಗರು ಸೀರೆ ಉಟ್ಟು, ಸೊಂಟಕ್ಕೆ ಕೈಯಿಟ್ಟು, ಸಿಳ್ಳೆ ಬಂದಾಗ ಕಣ್ಣು ಹೊಡೆದರು. ಬತ್ತೀನಿ ಅಂದೋನು ಬರನಿಲ್ಲ ಎಂಬ ಮಾತಿಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದರಲ್ಲಿ ನಗುವಂಥದ್ದು ಏನಿದೆಯೆಂದು ಎಷ್ಟು ಯೋಚಿಸಿದರೂ ನನಗೆ ತಿಳಿದಿಲ್ಲ.

ಹನೂರಿನಲ್ಲಿ ಆಕೆಗೊಂದು ಸನ್ಮಾನ ಇಟ್ಟರು. ನಾನೂ ಹೋಗಿದ್ದೆ. ಶಾಲು ಹೊದಿಸಿ, ಹಾರ ಹಾಕಿ, ನಿರೂಪಕ ಮೈಕಿನಲ್ಲಿ “ನಮ್ಮೆಲ್ಲರನ್ನೂ ನಗಿಸಿದ ಅಜ್ಜಿ” ಎಂದ. ಸ್ಪೀಕರಿನಲ್ಲಿ ಸ್ಟುಡಿಯೋದ ಹಾಡು ಹಾಕಿ, ಜೊತೆಗೆ ಹಾಡಿ ಎಂದರು. ಹಾಡಿದಳು. ಕೊನೆಯ ನುಡಿಗೆ ನಿಲ್ಲಿಸಿ, ಹೊಲದಲ್ಲಿ ಕತ್ತೆತ್ತುತ್ತಿದ್ದ ಹಾಗೆಯೇ ಕತ್ತೆತ್ತಿ ಸಭೆಯನ್ನು ನೋಡಿದಳು. ಸಭೆ ಸಿಳ್ಳೆ ಹಾಕಿತು. ಹಿಂದಿನ ಸಾಲಿನಿಂದ ನಾನು ಹೆಸರು ಕೂಗಿದೆ. ಆ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.

ಆಕೆ ಮೈಕಿನ ಹತ್ತಿರ ಬಗ್ಗಿದಳು. “ತಡೀರಪ್ಪಾ. ಅಲ್ಲೊಂದು ಎಸರದೆ. ಅದ್ನ ನೀವನ್ಬೇಕು.”

“ಅಜ್ಜಿಗೆ ಕೋಪ ಬಂತು, ಒಂದು ಜೋರಾದ ಚಪ್ಪಾಳೆ!” ಎಂದ ನಿರೂಪಕ. ಚಪ್ಪಾಳೆ ಬಿತ್ತು. ಅವಳ ಬಾಯಿ ಇನ್ನೂ ತೆರೆದೇ ಇತ್ತು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಆಕೆ ನನಗೆ ಅಂದದ್ದು ಇಷ್ಟು: “ಇಷ್ಟ್ ಜನ ಕೇಳುದ್ರು ಕಣವ್ವ. ಯಾರವ್ನು ಅಂತ ಒಬ್ರೂ ಕೇಳ್ನಿಲ್ವಲ್ಲ.” ಆಮೇಲೆ ಆಕೆ ಹೊಲದಲ್ಲೂ ಆ ಪದ ಎತ್ತಿಲ್ಲ. ಹೆಂಗಸರು ಕೇಳಿದರೆ, “ಬುಡ್ರಮ್ಮಿ, ಅದೀಗ ನಂದಲ್ಲ” ಎನ್ನುತ್ತಾಳೆ. ಕಸಿದುಕೊಂಡವರು ಯಾರೂ ಕೆಟ್ಟವರಲ್ಲವಂತೆ, ಎಲ್ಲರಿಗೂ ಆ ಹಾಡು ಬಹಳ ಇಷ್ಟವಂತೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಮೊನ್ನೆ ಬಸ್ಸಿನಲ್ಲಿ ಕೊನೆಯ ನುಡಿ ಬರುವ ಹೊತ್ತಿಗೆ ನಾನು ಮುಂದಿನ ಸೀಟಿನ ಕಂಬಿಗೆ ಹಣೆಯೊತ್ತಿ ಕುಳಿತಿದ್ದೆ. ಮುಂದಿನ ಸೀಟಿನ ಹುಡುಗ ಸ್ಪೀಕರಿನ ಜೊತೆಗೇ ಸಿಳ್ಳೆ ಹಾಕಿದ. ಪಕ್ಕದಲ್ಲಿ ಕುಕ್ಕೆ ಇಟ್ಟುಕೊಂಡು ಕುಳಿತಿದ್ದ ವಯಸ್ಸಾದ ಹೆಂಗಸು, “ಯಾಕವ್ವ, ತಲೆ ಸುತ್ತಾ?” ಎಂದಳು. ನಾನು ಎಲ್ಲವನ್ನೂ ಹೇಳಿದೆ. ಹೊಲ, ಹೆಂಗಸರು, ಸ್ಟುಡಿಯೋ, ಹನೂರು. ಆಕೆ ಕುಕ್ಕೆಯ ಮೇಲೆ ಕೈಯೂರಿ ಕೇಳಿಸಿಕೊಂಡಳು. ಕೊನೆಗೆ ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು: “ಯಾರವ್ವ ಅವ್ನು? ಎಸರೇಳು.”

ಹೇಳಿದೆ.

ಆಕೆ ಕುಕ್ಕೆಯನ್ನು ನನ್ನ ತೊಡೆಗೆ ದಾಟಿಸಿ ಎದ್ದು ನಿಂತಳು. ಬಸ್ಸಿಗೆ ಬಸ್ಸೇ ತಿರುಗುವ ಹಾಗೆ ಕೂಗಿದಳು: “ಪುಟ್ಮಾದಾ!”

ಸಿಳ್ಳೆಯ ಹುಡುಗ ಬೆಚ್ಚಿ ತಿರುಗಿದ. “ಯಾರ್ನಜ್ಜಿ ಕರೀತಾ ಇದ್ದೀ?”

“ಕರೀತಿಲ್ಲ ಕಣ್ಲಾ,” ಎಂದಳು ಆಕೆ. “ಉಗೀತಾ ಇವ್ನಿ.”