ಏಣಿ ಮಾಡಿದ ಡೊಂಕು

ಮೆಣಸು ಕೊಯ್ಯುವಾಗ ನಾನು ಏಣಿಯಿಂದ ಬಿದ್ದದ್ದು ಹೆಂಡತಿಯ ತಪ್ಪಿನಿಂದ. ಅದರಲ್ಲಿ ಎರಡು ಮಾತಿಲ್ಲ. ಕೆಳಗೆ ಏಣಿ ಹಿಡಿದಿದ್ದವಳು ತನ್ನ ತಂಗಿಯ ಫೋನ್ ಬಂತೆಂದು ಕೈ ಬಿಟ್ಟಳು. ಏಣಿ ಜಾರಿತು, ನಾನು ಕಾಫಿ ಗಿಡದ ಕೊಂಬೆಯ ಮೇಲೆ ಕುದುರೆ ಹತ್ತಿದವನಂತೆ ಬಂದು ಕೂತೆ.

ಅದಾದ ವಾರಕ್ಕೆ ಅವಳಿಗೆ ವಿಷಯ ತಿಳಿಸಿದೆ: ಗಂಡಸು ನಾಲ್ಕು ಜನರೆದುರು ಹೆಸರು ಹೇಳದ ಅಂಗ ನನ್ನಲ್ಲಿ ಎಡಕ್ಕೆ ಬಾಗಿದೆ, ನೋಯುತ್ತದೆ, ಎಲ್ಲ ಅವಳು ಕೈ ಬಿಟ್ಟದ್ದರಿಂದ. ಪಾಪ, ಅತ್ತಳು. ಆಮೇಲೆ ಮುಖ ತೊಳೆದು ಬಂದು, ಅದು ನೆಟ್ಟಗಾಗುವವರೆಗೆ ಕಾಫಿ ಮುಟ್ಟುವುದಿಲ್ಲವೆಂದು ಹರಕೆ ಹೊತ್ತಳು.

ನಾವು ಕಾಫಿ ಬೆಳೆಯುವವರು. ಅವಳು ದಿನಕ್ಕೆ ಐದು ಲೋಟ ಕುಡಿಯುವವಳು. ಯಾರಾದರೂ ಕೇಳಿದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದಳು. ನನಗೆ ಮಾತ್ರ ಹೊತ್ತು ಹೊತ್ತಿಗೆ ಕಾಫಿ, ಬಿಸಿ ಬಿಸಿ ಅಕ್ಕಿ ರೊಟ್ಟಿ, ಎದುರು ಮಾತೇ ಇಲ್ಲ. ಸುಳ್ಳೇಕೆ ಹೇಳಲಿ, ಹಾಯಾಗಿತ್ತು.

ನಾಲ್ಕು ತಿಂಗಳಾದರೂ ಡೊಂಕು ಡೊಂಕಾಗಿಯೇ ಇತ್ತು. ಕೊನೆಗೆ ಅವಳೇ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತಾನು ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ನಾನು "ಡೊಂಕಾಗ್ಬುಟ್ಟೈತೆ ಸಾರ್" ಎಂದೆ. ಡಾಕ್ಟರು ನನ್ನ ಬೆನ್ನು ನೋಡತೊಡಗಿದರು. ಅವರನ್ನು ಸರಿಯಾದ ಜಾಗಕ್ಕೆ ತರುವಷ್ಟರಲ್ಲಿ ನಾನು ಬೆವೆತಿದ್ದೆ.

ಪೆರೋನಿ ಕಾಯಿಲೆ ಎಂದರು. ಚರ್ಮದ ಕೆಳಗೆ ಗಾಯದ ಕಲೆಯಂಥ ಗಟ್ಟಿ ಗಂಟು, ಕ್ಯಾನ್ಸರ್ ಅಲ್ಲ. ನಾನು ಏಣಿಯ ಕಥೆಯನ್ನು ನಾದಿನಿಯ ಫೋನ್ ಸಮೇತ ಹೇಳಿದೆ. ಪೆಟ್ಟೂ ಕಾರಣವಿರಬಹುದು, ಆದರೆ ಖಚಿತವಾಗಿ ಹೇಳಲಾಗದು, ಇದಾದ ಎಷ್ಟೋ ಜನಕ್ಕೆ ಪೆಟ್ಟು ಬಿದ್ದ ನೆನಪೇ ಇರುವುದಿಲ್ಲ, ಪೆಟ್ಟು ಬಿದ್ದ ಎಷ್ಟೋ ಜನಕ್ಕೆ ಇದು ಆಗುವುದಿಲ್ಲ ಎಂದರು. ಆಮೇಲೆ ನನ್ನ ಅಂಗೈ ಬಿಡಿಸಿದರು. ಉಂಗುರದ ಬೆರಳು ಒಳಕ್ಕೆ ಮಡಚಿ ನಿಂತಿತ್ತು.

"ಈ ಬೆರಳೂ ಏಣಿಯಿಂದ ಬಿತ್ತಾ?"

ಅಪ್ಪನ ಬೆರಳೂ ಹಾಗೇ ಇತ್ತು. ಅದಕ್ಕೆ ನಮ್ಮ ಮನೆಯವರೆಲ್ಲ ಕೊಡಲಿಯನ್ನು ಬೈಯುತ್ತಿದ್ದರು. ಬೆರಳು ಮಡಚುವುದು, ಅಲ್ಲಿ ಬಾಗುವುದು ಎರಡೂ ಕೆಲವರಲ್ಲಿ ಜೊತೆಗೇ ಬರುತ್ತವೆ, ವಂಶದಲ್ಲೂ ಇರುತ್ತವೆ ಎಂದ ಡಾಕ್ಟರು, ಬಾಗಿದ್ದು ಯಾವಾಗಿನಿಂದ, ಚೆನ್ನಾಗಿ ನೆನಪು ಮಾಡಿಕೊಳ್ಳಿ ಎಂದರು.

ನೆನಪು ಮಾಡಿಕೊಳ್ಳುವುದೇನಿತ್ತು? ದೀಪಾವಳಿಯ ಎಣ್ಣೆಸ್ನಾನದ ದಿನವೇ ನೋಡಿದ್ದೆ. ನಾಚಿಕೆಗೆ ಬಾಯಿ ಬಿಟ್ಟಿರಲಿಲ್ಲ. ಏಣಿ ಜಾರಿದ್ದು ಸಂಕ್ರಾಂತಿ ಕಳೆದ ಮೇಲೆ. ಬಿದ್ದವನಿಗೆ ಕಾರಣವೊಂದು ಪುಕ್ಕಟೆ ಸಿಕ್ಕಿತ್ತು, ಹೆಂಡತಿಯ ತಲೆಗೆ ಕಟ್ಟಿದ್ದೆ.

ಮದ್ದು ಬರೆದುಕೊಟ್ಟರು. ನೋವು ಹೋಗುತ್ತದೆ, ಡೊಂಕು ಹಾಗೇ ಉಳಿದರೂ ಉಳಿಯಬಹುದು ಎಂದರು. ನನಗಾಗ ಚಿಂತೆ ಹತ್ತಿದ್ದು ಡೊಂಕಿನದಲ್ಲ, ಅವಳ ಹರಕೆಯದು. ನಾನು ಸುಮ್ಮನಿದ್ದರೆ ಅವಳು ಬದುಕಿರುವವರೆಗೂ ಕಾಫಿ ಕುಡಿಯುವ ಹಾಗಿರಲಿಲ್ಲ.

ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಎರಡು ಕಾಫಿ ಹೇಳಿದೆ. ಅವಳು ತನ್ನ ಲೋಟವನ್ನು ನನ್ನ ಕಡೆಗೆ ಸರಿಸಿದಳು. ಆವಿ ಬರುತ್ತಿದ್ದ ಲೋಟದಿಂದ ಮುಖ ತಿರುಗಿಸಿದ್ದು ಕಂಡು ನನ್ನ ಮೇಲೆ ನನಗೇ ಅಸಹ್ಯವಾಯಿತು.

"ದೀಪಾವಳಿಗೇ ಬಾಗಿತ್ತು ಕಣೇ," ಎಂದೆ. "ನೀನು ಏಣಿ ಬಿಟ್ಟಿದ್ದು ಆಮೇಲೆ."

ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದಳು.

ಲೋಟ ವಾಪಸು ಎಳೆದುಕೊಂಡು ಕಣ್ಣು ಮುಚ್ಚಿ ಕುಡಿದಳು. ಆಮೇಲೆ ನನ್ನದನ್ನೂ ಕುಡಿದಳು.